"ಸಹಕರಿಸುತ್ತಿಲ್ಲ" ಅಂತ ಬರೆಯೋದು ಬಿಡಿ ಸ್ವಾಮೀ

ನಮ್ಮ ಕಡೆ ಕೌನ್ಸೆಲಿಂಗ್ ಅಂದ ತಕ್ಷಣ ಜನಕ್ಕೆ ಮೊದಲು ನೆನಪಾಗೋದು ಸಿಇಟಿ ಸೀಟು. ಆಮೇಲೆ ಮೇಷ್ಟ್ರುಗಳ ವರ್ಗಾವಣೆ. ಮನಸ್ಸಿನ ವಿಷಯ ಬರೋದು ಮೂರನೆಯದಾಗಿ. ಅದೂ ಹೇಗೆ? "ಅವನಿಗೆ ಸ್ವಲ್ಪ ಕೌನ್ಸೆಲಿಂಗ್ ಕೊಡಿಸಿ" ಅಂತ. ಇಂಜೆಕ್ಷನ್ ಕೊಡಿಸಿದ ಹಾಗೆ! ಕೊಡೋರು ಒಬ್ಬರು, ಕೊಡಿಸೋರು ಇನ್ನೊಬ್ಬರು, ಚುಚ್ಚಿಸಿಕೊಳ್ಳೋದು ಮಾತ್ರ ಮೂರನೆಯವರು. ಆ ಮೂರನೆಯವರು ಕೈ ಹಿಂದಕ್ಕೆಳೆದುಕೊಂಡರೆ ನಾವು ಅದಕ್ಕೊಂದು ಭಾರೀ ಹೆಸರು ಇಟ್ಟಿದ್ದೀವಿ. ಪ್ರತಿರೋಧ.

ಈ ಬ್ಲಾಗಿಗೆ ಆಗಾಗ ಬಂದು ಹೋಗೋರಿಗೆ ಗೊತ್ತು, ನಾನು ವಾರಕ್ಕೆ ಎರಡು ಮಧ್ಯಾಹ್ನ ಒಂದು ಪಿಯು ಕಾಲೇಜಿನಲ್ಲಿ ಆಪ್ತ ಸಮಾಲೋಚಕಿ ಅಂತ ಕೂರುತ್ತೇನೆ. ಮೊನ್ನೆ ನಮ್ಮಂಥವರಿಗಾಗಿ ಒಂದು ತರಬೇತಿ ಶಿಬಿರ ಇತ್ತು. ಟೀ ಬಿಡುವಿಗೆ ಸ್ವಲ್ಪ ಮುಂಚೆ ಒಂದು ಸ್ಲೈಡು ಬಂತು: ಪ್ರತಿರೋಧ ಒಡ್ಡುವ ಕ್ಲೈಂಟನ್ನು ನಿಭಾಯಿಸುವ ತಂತ್ರಗಳು. ಎಲ್ಲರೂ ಮೊಬೈಲ್ ಎತ್ತಿ ಫೋಟೋ ಹೊಡೆದುಕೊಂಡರು. ಪ್ರತಿರೋಧದ ಲಕ್ಷಣಗಳು ಏನಪ್ಪಾ ಅಂದ್ರೆ, ತಡವಾಗಿ ಬರೋದು, ಸುಮ್ಮನೆ ಕೂರೋದು, ಕೇಳಿದ್ದಕ್ಕೆಲ್ಲ "ಗೊತ್ತಿಲ್ಲ" ಅನ್ನೋದು, ವಿಷಯ ಬದಲಾಯಿಸೋದು, ಹೇಳಿಕೊಟ್ಟ ಅಭ್ಯಾಸ ಮಾಡದೆ ಬರೋದು, ವಾದ ಮಾಡೋದು. ಓದಿ ನಗು ಬಂತು. ಜಾತಕ ಹಿಡಿದುಕೊಂಡು ಬರೋ ದೊಡ್ಡಮ್ಮನ ಮುಂದೆ ನಾವೆಲ್ಲ ಮಾಡಿರೋದು ಇದನ್ನೇ ಅಲ್ವಾ? ಆಗ ಯಾರೂ ನಮ್ಮ ಮನಸ್ಸಿನಲ್ಲಿ ದೋಷ ಹುಡುಕಲಿಲ್ಲ. ದೊಡ್ಡಮ್ಮ ಬಂದ ರೀತಿ ಸರಿಯಿಲ್ಲ ಅಂತ ಎಲ್ಲರಿಗೂ ಗೊತ್ತಿತ್ತು.

ನನ್ನ ತಕರಾರು ಇಷ್ಟೇ. ಪ್ರತಿರೋಧ ಅನ್ನೋದು ಕ್ಲೈಂಟಿನ ಒಳಗೆ ಇರೋ ವಸ್ತು ಅಲ್ಲ. ಇಬ್ಬರು ಕೂತಿರೋ ಕೋಣೆಯಲ್ಲಿ, ಆ ಇಬ್ಬರ ನಡುವೆ ಹುಟ್ಟೋದು. ಅದನ್ನ ಒಬ್ಬರ ಹೆಸರಿಗೆ ಮಾತ್ರ ಬರೆಯೋದು, ಅದೂ ಪೆನ್ನು ಹಿಡಿದಿರೋರು ಇನ್ನೊಬ್ಬರ ಹೆಸರಿಗೆ ಬರೆಯೋದು, ಅನ್ಯಾಯ.

ಈ ರೋಗ ಇವತ್ತಿನದಲ್ಲ. ಫ್ರಾಯ್ಡ್ ಮಹಾಶಯರಿಂದಲೇ ಶುರು. ಡೋರಾ ಅಂತ ಅವರು ಹೆಸರಿಟ್ಟು ಬರೆದ ಹುಡುಗಿಯ ಕಥೆ ಕೇಳಿರಬಹುದು. 1900ರಲ್ಲಿ ವಿಯೆನ್ನಾದಲ್ಲಿ ಆಕೆಯನ್ನು ಫ್ರಾಯ್ಡ್ ಹತ್ತಿರ ಕಳಿಸಿದ್ದು ಅವಳ ಅಪ್ಪ. ಅಪ್ಪನ ಗೆಳೆಯನೊಬ್ಬ ಅವಳ ಮೇಲೆ ಕಣ್ಣು ಹಾಕಿದ್ದ, ಮೈಮೇಲೆ ಬಿದ್ದಿದ್ದ. ಆ ಗೆಳೆಯನ ಹೆಂಡತಿಯ ಜೊತೆ ಅಪ್ಪನದೇ ಸಂಬಂಧ ಇತ್ತು. ಹುಡುಗಿ ಮನೆಯಲ್ಲಿ ಬಾಯಿಬಿಟ್ಟು ಹೇಳಿದಾಗ ಅಪ್ಪ ನಂಬಲಿಲ್ಲ, ಎಲ್ಲ ಇವಳ ಕಲ್ಪನೆ ಅಂದ. ಇವಳಿಗೆ ಬುದ್ಧಿ ತಿದ್ದಿ ಕೊಡಿ ಅಂತ ವೈದ್ಯರ ಹತ್ತಿರ ಬಿಟ್ಟ. ಫ್ರಾಯ್ಡ್ ಅಪ್ಪನ ಹಾಗೆ ಸುಳ್ಳು ಅನ್ನಲಿಲ್ಲ, ನಿಜ. ಆದರೆ ನಿನಗೆ ಒಳಗೊಳಗೆ ಆ ಮನುಷ್ಯನ ಮೇಲೆ ಪ್ರೀತಿ ಇತ್ತು ಅಂತ ಪಟ್ಟು ಹಿಡಿದರು. ಇಲ್ಲ ಅಂದರೆ ಅದೂ ಹೌದು ಅನ್ನೋದಕ್ಕೇ ಸಾಕ್ಷಿ! ಹನ್ನೊಂದು ವಾರ ಸಹಿಸಿಕೊಂಡ ಹುಡುಗಿ ಡಿಸೆಂಬರ್ 31ರಂದು ಇನ್ನು ಬರಲ್ಲ ಅಂತ ಎದ್ದು ಹೋದಳು. 1905ರಲ್ಲಿ ಆ ಪ್ರಕರಣವನ್ನು ಪ್ರಕಟಿಸುವಾಗ ಫ್ರಾಯ್ಡ್ ತಮ್ಮಿಂದ ತಪ್ಪಿದ ಅಂಶವೊಂದನ್ನು ಒಪ್ಪಿಕೊಂಡರು. ಆದರೂ ಅವಳು ಎದ್ದು ಹೋದದ್ದನ್ನು ಸೇಡು ಅಂತಲೇ ಓದಿದರು.

ಹದಿನೆಂಟು ವರ್ಷದ ಹುಡುಗಿ, ಯಾರೂ ತನ್ನ ಮಾತಿಗೆ ಬೆಲೆ ಕೊಡದ ಕೋಣೆಯಿಂದ ತನ್ನ ಕಾಲ ಮೇಲೆ ಹೊರಗೆ ನಡೆದಳು. ನನಗಂತೂ ಆ ಇಡೀ ಕಥೆಯಲ್ಲಿ ಕಾಣೋ ಅತ್ಯಂತ ಆರೋಗ್ಯವಂತ ಕೆಲಸ ಅದೊಂದೇ.

ಈಗ ನಮ್ಮ ಪಿಯು ಕಾಲೇಜಿಗೆ ಬನ್ನಿ. ಇಂಥ ಹುಡುಗರು ಎಷ್ಟೋ ಜನ ಬರ್ತಾರೆ, ಗುರುತು ಸಿಗಬಾರದು ಅಂತ ಎಲ್ಲರನ್ನೂ ಕಲಸಿ ಒಬ್ಬನನ್ನ ಮಾಡಿ ಹೇಳ್ತಿದ್ದೀನಿ. ಸೆಕೆಂಡ್ ಪಿಯು, ಸೈನ್ಸು, ಜೊತೆಗೆ ನೀಟ್ ಕೋಚಿಂಗು. ಅಪ್ಪ ಕರಕೊಂಡು ಬಂದು ಅವನ ಎದುರಿಗೇ "ಇವನಿಗೆ ಸ್ವಲ್ಪ ಬುದ್ಧಿ ಹೇಳಿ ಮೇಡಂ, ಇತ್ತೀಚೆಗೆ ಓದೋದೇ ಬಿಟ್ಟಿದ್ದಾನೆ" ಅಂತ ಹೇಳಿ ಹೊರಗೆ ಬೆಂಚಿನ ಮೇಲೆ ಕೂತರು. ಕೋಣೆಗೆ ಬಾಗಿಲಿಲ್ಲ, ಪರದೆ ಇದೆ. ಪರದೆ ಆಚೆ ಅಪ್ಪ, ಗೋಡೆ ಆಚೆ ಸ್ಟಾಫ್ ರೂಮು. ಹುಡುಗ ಫ್ಯಾನ್ ನೋಡ್ತಾನೆ. ಏನು ಕೇಳಿದರೂ "ಏನಿಲ್ಲ ಮ್ಯಾಮ್."

ಇದು ಪ್ರತಿರೋಧವಾ? ಸ್ವಲ್ಪ ಅವನ ಕುರ್ಚಿಯಲ್ಲಿ ಕೂತು ನೋಡಿ. ನಾನು ಯಾರ ಕಡೆಯವಳು ಅಂತ ಅವನಿಗೆ ಗೊತ್ತಿಲ್ಲ. ಅಪ್ಪ ಕರೆಸಿದ್ದು, ಕಾಲೇಜು ಕೂರಿಸಿದ್ದು. ಇಲ್ಲಿ ಆಡಿದ ಮಾತು ಪ್ರಿನ್ಸಿಪಾಲರ ಟೇಬಲ್ಲಿಗೆ ಹೋಗುತ್ತಾ, ರಾತ್ರಿ ಊಟದ ಹೊತ್ತಿಗೆ ಮನೆಗೆ ಬರುತ್ತಾ ಅನ್ನೋದೂ ಗೊತ್ತಿಲ್ಲ. ಇಷ್ಟು ಗೊತ್ತಿಲ್ಲದೆ ಬಾಯಿ ಬಿಡೋ ಹುಡುಗನೇ ಇದ್ದರೆ ನನಗೆ ಅವನ ಬಗ್ಗೆ ಜಾಸ್ತಿ ಚಿಂತೆ ಆಗುತ್ತೆ!

ಮೊದಲನೇ ಕೆಲಸ ಅವನನ್ನ ಮಾತಾಡಿಸೋದಲ್ಲ. ನಾನು ಯಾರು, ಯಾವುದನ್ನ ಯಾರಿಗೂ ಹೇಳಲ್ಲ, ಯಾವುದನ್ನ ಹೇಳಲೇಬೇಕಾಗುತ್ತೆ ಅಂತ ನಾನು ಬಾಯಿ ಬಿಡೋದು. ಎರಡನೆಯ ಭಾಗವನ್ನ ನಮ್ಮಲ್ಲಿ ಬಹಳ ಜನ ನುಂಗಿಬಿಡ್ತಾರೆ. ಜೀವಕ್ಕೆ ಅಪಾಯ ಇದೆ ಅಂತ ಗೊತ್ತಾದರೆ ಸುಮ್ಮನಿರೋ ಹಾಗಿಲ್ಲ. ಹದಿನೆಂಟು ತುಂಬದ ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ಆಗಿದೆ ಅಂತ ಗೊತ್ತಾದರೆ 2012ರ ಪೋಕ್ಸೊ ಕಾಯ್ದೆ ಪ್ರಕಾರ ದೂರು ಕೊಡಲೇಬೇಕು. ಅದನ್ನ ಮೊದಲೇ ಹೇಳದೆ "ಏನು ಬೇಕಾದ್ರೂ ಹೇಳು ಪುಟ್ಟಾ, ಇಲ್ಲೇ ಇರುತ್ತೆ" ಅಂದು, ಆಮೇಲೆ ಪೊಲೀಸರ ಮುಂದೆ ಕೂರಿಸಿದರೆ ಆ ಮಗು ಜೀವನದಲ್ಲಿ ಇನ್ನೊಬ್ಬರ ಮುಂದೆ ಮಾತಾಡುತ್ತಾ? ಮುಂದೆ ಅದು ಯಾರೋ ಮನೋವೈದ್ಯರ ಎದುರು ತುಟಿ ಬಿಗಿದು ಕೂತಾಗ ಅವರ ಫೈಲಿನಲ್ಲೂ ಅದೇ ಪದ ಬೀಳುತ್ತೆ.

ಅಮೆರಿಕದಲ್ಲಿ ಸ್ಟೀವ್ ಡಿ ಶೇಜರ್ ಅಂತ ಒಬ್ಬರಿದ್ದರು. 1984ರಲ್ಲಿ ಅವರು ಬರೆದ ಲೇಖನದ ಹೆಸರೇ 'ಪ್ರತಿರೋಧದ ಸಾವು' ಅನ್ನೋ ಅರ್ಥದ್ದು. ಜನ ಅವರದೇ ರೀತಿಯಲ್ಲಿ ಸಹಕರಿಸ್ತಾ ಇರ್ತಾರೆ, ಆ ರೀತಿ ಗುರುತಿಸೋದು ನಮ್ಮ ಕೆಲಸ ಅಂತ ಅವರ ವಾದ. ಬಂದವರಲ್ಲಿ ಕೆಲವರು ಸುಮ್ಮನೆ ಬಂದವರು, ಕೆಲವರು ಇನ್ನೊಬ್ಬರ ಮೇಲೆ ದೂರು ಹೊತ್ತು ಬಂದವರು, ಕೆಲವರು ತಾವೇ ಏನಾದರೂ ಮಾಡಬೇಕು ಅಂತ ಬಂದವರು ಅನ್ನೋ ವಿಂಗಡಣೆಯನ್ನೂ ಅವರ ಗುಂಪು ಬಳಸುತ್ತಿತ್ತು. ಆ ಲೆಕ್ಕದಲ್ಲಿ ನಮ್ಮ ಕಥೆಯ ಅಪ್ಪ ದೂರುದಾರ, ಹುಡುಗ ಬರೀ ಅತಿಥಿ. ಅತಿಥಿ ಬಂದಾಗ ನೀರು ಕೊಡ್ತೀವೋ, ಮೈಮುರಿದು ಕೆಲಸ ಮಾಡು ಅಂತೀವೋ? ಅವರ ಪದ್ಧತಿಯಲ್ಲಿ ಇಂಥವರಿಗೆ ಕೇಳೋ ಪ್ರಶ್ನೆ ಒಂದಿದೆ, ನನಗೆ ಬಹಳ ಇಷ್ಟ. "ಅಪ್ಪ ನಿನ್ನನ್ನ ಇಲ್ಲಿಗೆ ಕಳಿಸೋದು ನಿಲ್ಲಿಸಬೇಕು ಅಂದ್ರೆ ಏನಾಗಬೇಕು?" ಅಂತ. ಫ್ಯಾನ್ ನೋಡೋ ಕಣ್ಣು ಕೆಳಗಿಳಿಯುತ್ತೆ. "ಊಟಕ್ಕೆ ಕೂತಾಗ ಮಾರ್ಕ್ಸ್ ಬಗ್ಗೆ ಮಾತಾಡಬಾರದು" ಅಂತಾನೆ. ಆಯ್ತಲ್ಲ, ಶುರು ಮಾಡೋಕೆ ಇನ್ನೇನು ಬೇಕು? ನೀಟ್ ಆಮೇಲೆ ನೋಡಿಕೊಳ್ಳೋಣ.

"ಇದೆಲ್ಲ ಭಾವುಕತೆ, ಪುರಾವೆ ಎಲ್ಲಿ?" ಅನ್ನೋರು ಇರ್ತಾರೆ. ಶಿಬಿರದಲ್ಲೂ ಒಬ್ಬರು ಕೇಳಿದರು. ಇದೆ ಸಾರ್. 1985ರಲ್ಲಿ ಪ್ಯಾಟರ್ಸನ್ ಮತ್ತು ಫೋರ್ಗ್ಯಾಚ್ ಅಂತ ಇಬ್ಬರು ಒಂದು ಸರಳ ಕೆಲಸ ಮಾಡಿದರು. ಥೆರಪಿಸ್ಟು ಪಾಠ ಹೇಳಿದಾಗ, ಎದುರುಹಾಕಿಕೊಂಡು ಮಾತಾಡಿದಾಗ ಕ್ಲೈಂಟು ಏನು ಮಾಡ್ತಾರೆ ಅಂತ ನೋಡಿದರು. ಅಸಹಕಾರ ಏರಿತು. ಅಷ್ಟಕ್ಕೇ ಬಿಡದೆ, ಥೆರಪಿಸ್ಟುಗಳಿಗೆ ಬೇಕಂತಲೇ ಒಂದಷ್ಟು ಹೊತ್ತು ಹಾಗೆ ಮಾಡಿ, ಒಂದಷ್ಟು ಹೊತ್ತು ನಿಲ್ಲಿಸಿ, ಮತ್ತೆ ಮಾಡಿ ಅಂದರು. ನಲ್ಲಿ ತಿರುಗಿಸಿದ ಹಾಗೆ ಅಸಹಕಾರ ಹೆಚ್ಚಿತು, ಇಳಿಯಿತು, ಮತ್ತೆ ಹೆಚ್ಚಿತು. ಕ್ಲೈಂಟು ಅದೇ, ಸಮಸ್ಯೆ ಅದೇ. ಬದಲಾಗಿದ್ದು ಎದುರು ಕೂತವರ ಬಾಯಿ ಮಾತ್ರ. ಇನ್ನು 1993ರಲ್ಲಿ ವಿಲಿಯಂ ಮಿಲ್ಲರ್ ಮತ್ತು ಜೊತೆಗಾರರು ಕುಡಿತದ ತೊಂದರೆ ಇರೋರ ಬಗ್ಗೆ ಪ್ರಕಟಿಸಿದ್ದು: ಸಲಹೆಗಾರ ಎಷ್ಟು ಜಾಸ್ತಿ ಗದರಿ ಎದುರಿಸಿದನೋ, ವರ್ಷದ ನಂತರ ಆ ಮನುಷ್ಯ ಅಷ್ಟು ಜಾಸ್ತಿ ಕುಡೀತಿದ್ದ. ಮೊಂಡರನ್ನ ಕಂಡರೆ ಯಾರಾದರೂ ಗದರಿಸ್ತಾರೆ, ಕಾರಣ ಉಲ್ಟಾ ಇರಬಹುದಲ್ಲ ಅಂತ ನೀವು ಕೇಳಬಹುದು. ಸರಿಯಾದ ಪ್ರಶ್ನೆಯೇ. ಆ ಅನುಮಾನಕ್ಕೆ ಉತ್ತರ 85ರ ನಲ್ಲಿಯಲ್ಲಿದೆ.

ಹಾಗಂತ ಬದಲಾಗೋಕೆ ಎಲ್ಲರೂ ತುದಿಗಾಲಲ್ಲಿ ನಿಂತಿರ್ತಾರೆ ಅಂತ ನಾನು ಹೇಳ್ತಿಲ್ಲ. ಕುಡಿಯೋ ಮನುಷ್ಯನಿಗೆ ಬಿಡಬೇಕು ಅಂತಲೂ ಇರುತ್ತೆ, ಬಿಟ್ಟರೆ ಸಂಜೆ ಏಳು ಗಂಟೆಗೆ ಏನು ಮಾಡಲಿ ಅನ್ನೋ ಭಯವೂ ಇರುತ್ತೆ. ಎರಡೂ ನಿಜ, ಒಂದೇ ಎದೆಯಲ್ಲಿ. ನಾವು "ಬಿಡಿ" ಅನ್ನೋ ಕಡೆ ತಕ್ಕಡಿಗೆ ಜೋತುಬಿದ್ದರೆ ಅವರು ಪಾಪ ಇನ್ನೊಂದು ಕಡೆ ಹಿಡಿದುಕೊಳ್ಳಲೇಬೇಕಾಗುತ್ತೆ. ವಾದದಲ್ಲಿ ನಾವು ಗೆಲ್ತೀವಿ, ಅವರು ಮನೆಗೆ ಹೋಗೋ ದಾರಿಯಲ್ಲಿ ಬಾರಿಗೆ ಹೋಗ್ತಾರೆ. ಮಿಲ್ಲರ್ ಮತ್ತು ರೋಲ್ನಿಕ್ 2013ರಲ್ಲಿ ತಮ್ಮ ಪುಸ್ತಕದ ಮೂರನೇ ಆವೃತ್ತಿ ತಂದಾಗ ಪ್ರತಿರೋಧ ಅನ್ನೋ ಪದವನ್ನೇ ಪಕ್ಕಕ್ಕಿಟ್ಟರು. ಅದರ ಜಾಗದಲ್ಲಿ ಎರಡು ಬೇರೆ ಮಾತು ತಂದರು. ಒಂದು, ಇದ್ದ ಹಾಗೇ ಇರೋಕೆ ಮನುಷ್ಯ ಹೇಳೋ ಕಾರಣಗಳು, ಇದು ಸಹಜ, ಕೇಳಿಸಿಕೊಳ್ಳಬೇಕಾದ್ದು. ಇನ್ನೊಂದು, ಇಬ್ಬರ ನಡುವಿನ ಅಪಸ್ವರ, ಇದನ್ನ ಸರಿ ಮಾಡಬೇಕಾದವರು ಸಮಾಲೋಚಕರು. ಇಷ್ಟು ಬೇರ್ಪಡಿಸಿದರೆ ಅರ್ಧ ಗೊಂದಲ ಹೋಗುತ್ತೆ. ಶಿಬಿರದ ಸ್ಲೈಡಿಗೆ ಮಾತ್ರ ಈ ಸುದ್ದಿ ಇನ್ನೂ ತಲುಪಿಲ್ಲ :-)

ತಮಾಷೆ ಸಾಕು. ನನಗೆ ನಿಜವಾಗಿ ಹೊಟ್ಟೆ ಉರಿಯೋದು ಇನ್ನೊಂದು ಕಡೆ. ಗಂಡನ ಕೈಯಲ್ಲಿ ಏಟು ತಿಂದು ಬಂದ ಹೆಣ್ಣುಮಗಳನ್ನ ಕೂರಿಸಿಕೊಂಡು "ಸ್ವಲ್ಪ ಅಡ್ಜಸ್ಟ್ ಮಾಡ್ಕೊಳಮ್ಮ, ಮಕ್ಕಳ ಮುಖ ನೋಡು" ಅಂತಾರಲ್ಲ, ಅದು. ಅವಳು ಒಪ್ಪಲ್ಲ, ಎರಡನೇ ಸಲ ಬರಲ್ಲ. ಬರೀರಿ, ಕ್ಲೈಂಟ್ ಸಹಕರಿಸುತ್ತಿಲ್ಲ. ಅವಳು ಸಹಕರಿಸಬೇಕಾದದ್ದು ಯಾವುದಕ್ಕೆ ಸ್ವಾಮೀ? ಕೌಟುಂಬಿಕ ಹಿಂಸೆ ತಡೆಯೋ 2005ರ ಕಾಯ್ದೆಯಲ್ಲಿ ಮ್ಯಾಜಿಸ್ಟ್ರೇಟರು ಸಮಾಲೋಚನೆಗೆ ಕಳಿಸಬಹುದು ಅಂತ ಇದೆ, ಹೌದು. ಆದರೆ 2006ರ ನಿಯಮಾವಳಿ ಏನು ಹೇಳುತ್ತೆ ಓದಿದ್ದೀರಾ? ಆ ಸಮಾಲೋಚನೆ ಇರಬೇಕಾದ್ದು ಹಿಂಸೆ ಮತ್ತೆ ನಡೆಯಲ್ಲ ಅನ್ನೋ ಭರವಸೆ ಪಡೆಯೋ ಸ್ವರೂಪದಲ್ಲಿ. ಹೊಡೆದದ್ದಕ್ಕೆ ಸಮರ್ಥನೆ ಕೊಡೋಕೆ ಅವನಿಗೆ ಅಲ್ಲಿ ಅವಕಾಶವೇ ಇಲ್ಲ, ಇದನ್ನ ಶುರುವಿನಲ್ಲೇ ಅವನಿಗೆ ತಿಳಿಸಬೇಕು. "ಅವಳು ಎದುರು ಮಾತಾಡಿದಳು, ಅದಕ್ಕೇ..." ಅಂತ ಅವನು ಶುರು ಮಾಡಿದಾಗ ನಿಲ್ಲಿಸಬೇಕಾದ್ದು ನಿಯಮ. ನಾವು ಅವನಿಗೆ ಟೀ ತರಿಸಿ, ಅವಳ ಕಡೆ ತಿರುಗಿ "ನೀನೇನಂತೀಯಮ್ಮಾ?" ಅಂತೀವಿ. ಇಂಥ ಕಡೆ ಅವಳ ಪ್ರತಿರೋಧವನ್ನ ಕರಗಿಸೋ ತಂತ್ರ ಕಲಿಸೋದು ಅಂದ್ರೆ ಅವಳ ಕೈಯಲ್ಲಿ ಉಳಿದಿರೋ ಒಂದೇ ಆಯುಧ ಕಸಿದುಕೊಳ್ಳೋದನ್ನ ಕಲಿಸೋದು. ಹೀಗೆ ಕಸಿದುಕೊಂಡವರು ಮುಂದೆ ಆಗೋದಕ್ಕೆ ಹೊಣೆ ಹೊರ್ತಾರಾ?

ಭಾಷೆಯದ್ದೂ ಒಂದು ಗೋಳಿದೆ. ಇಂಗ್ಲಿಷ್ ಪುಸ್ತಕ ಓದಿ ಬಂದವರು "ಆಗ ನಿಮಗೆ ಏನು ಫೀಲ್ ಆಯ್ತು?" ಅಂತಾರೆ. ಎದುರಿನವರು "ಬೇಜಾರಾಯ್ತು" ಅಂತಾರೆ. ಮತ್ತೆ ಕೇಳಿದರೂ "ಬೇಜಾರು". ಭಾವನೆ ಹಂಚಿಕೊಳ್ಳಲು ಹಿಂಜರಿಕೆ ಅಂತ ಷರಾ! ಅಯ್ಯೋ, ಕನ್ನಡದ ಬೇಜಾರಿನಲ್ಲಿ ದುಃಖ, ಸಿಟ್ಟು, ಸುಸ್ತು, ಅವಮಾನ ಎಲ್ಲ ಇದೆ ರೀ. "ಎಲ್ಲಿ ಆಗುತ್ತೆ ಆ ಬೇಜಾರು?" ಅಂತ ಕೇಳಿ ನೋಡಿ. ಎದೆ ಭಾರ ಅಂತಾರೆ, ಹೊಟ್ಟೆಯಲ್ಲಿ ಸಂಕಟ ಅಂತಾರೆ, ಗಂಟಲು ಕಟ್ಟುತ್ತೆ ಅಂತಾರೆ. ಮಾತು ಬಂತಲ್ಲ! ಕೊರವಂಜಿಯ ನಮ್ಮ ರಾಶಿ, ಅಂದರೆ ಡಾಕ್ಟರ್ ಎಂ. ಶಿವರಾಂ, ಮನಸ್ಸಿನ ಕಾಯಿಲೆಗಳ ವಿಷಯವನ್ನ ಕನ್ನಡದಲ್ಲಿ ಬರೆದು 'ಮನಮಂಥನ'ಕ್ಕೆ 1976ರಲ್ಲೇ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದರು. ಕನ್ನಡದಲ್ಲಿ ಆಗಲ್ಲ ಅನ್ನೋರು ಇದನ್ನ ಸ್ವಲ್ಪ ನೆನಪಿಟ್ಟುಕೊಂಡರೆ ಒಳ್ಳೆಯದು.

ಕಾರ್ಲ್ ರೋಜರ್ಸ್ 1942ರಲ್ಲೇ ಹೇಳಿಬಿಟ್ಟಿದ್ದರು, ಸಲಹೆಗಾರ ಅವಸರ ಮಾಡಿದಾಗ ಪ್ರತಿರೋಧ ಹುಟ್ಟುತ್ತೆ ಅಂತ. ಎಂಬತ್ತು ವರ್ಷ ದಾಟಿತು. ನಮಗೆ ಇನ್ನೂ ಅವಸರವೇ. ಪರೀಕ್ಷೆಗೆ ಮುಂಚೆ ಹುಡುಗ ಸರಿ ಹೋಗಬೇಕು, ಮುಂದಿನ ತಾರೀಖಿಗೆ ಮುಂಚೆ ಗಂಡ ಹೆಂಡತಿ ಒಂದಾಗಬೇಕು, ಮೂರು ಸಿಟ್ಟಿಂಗಿನಲ್ಲಿ ಕೇಸು ಮುಗಿಯಬೇಕು.

ನಮ್ಮ ಕಾಲೇಜಿನ ರಿಜಿಸ್ಟರಿನಲ್ಲಿ ಒಂದು ಕಾಲಂ ಇದೆ. "ಕ್ಲೈಂಟ್‌ನ ಸಹಕಾರ: ಉತ್ತಮ / ಸಾಧಾರಣ / ಇಲ್ಲ." ಸಮಾಲೋಚಕರ ಸಹಕಾರಕ್ಕೆ ಕಾಲಂ ಇಲ್ಲ, ಗಮನಿಸಿ. ನಾನು ಅದರ ಮೇಲೆ ಗೆರೆ ಎಳೆದು ಬೇರೆ ಮೂರು ವಿಷಯ ಬರೀತಿದ್ದೀನಿ. ಕರಕೊಂಡು ಬಂದವರು ಯಾರು, ಗುಟ್ಟಿನ ಮಿತಿಯನ್ನ ಹೇಳಿದ್ದೀನಾ, ಇವತ್ತು ನಾನು ಎಷ್ಟು ನಿಮಿಷ ಮಾತಾಡಿದೆ. ಬಾಗಿಲು ಹಾಕಿಸಿಕೊಡಿ ಅಂತ ಅರ್ಜಿಯನ್ನೂ ಕೊಟ್ಟಿದ್ದೀನಿ. ಆಫೀಸಿನವರು ಗೆರೆ ನೋಡಿ ಹುಬ್ಬೇರಿಸಿದರು. ಮುಂದಿನ ವರ್ಷದ ರಿಜಿಸ್ಟರು ಅಚ್ಚು ಹಾಕಿಸುವಾಗ ನೋಡೋಣ ಅಂದಿದ್ದಾರೆ. ಬಾಗಿಲಿಗೆ ಕೊಟೇಶನ್ ಬಂದಿದೆಯಂತೆ.