ಕಡಲಿಲ್ಲದ ಊರಿನ ಪದಬಂಧ

‘ಕರಾವಳಿಯ ಮೀನುಗಾರಿಕೆ ಬಂದರು (3)’. ಮಾರಿಕುಪ್ಪಂನಲ್ಲಿ ಕೂತು ಪದಬಂಧ ಬಿಡಿಸುವವರು ಇದಕ್ಕೆ ಏನು ಬರೆಯಬೇಕು? ತದಡಿಯೂ ಮೂರಕ್ಷರ, ಗಂಗೊಳ್ಳಿಯೂ ಮೂರಕ್ಷರ. ಒತ್ತಕ್ಷರಕ್ಕೆ ಒಂದೇ ಮನೆ ಕೊಡುವ ನಮ್ಮ ಲೆಕ್ಕದಲ್ಲಿ ಭಟ್ಕಳವೂ ಮೂರೇ. ಮೇಲಿನಿಂದ ಕೆಳಕ್ಕೆ ಬರುವ ಪದವೊಂದು ಕೈಹಿಡಿಯುವ ತನಕ ಪೆನ್ಸಿಲ್ ಕಚ್ಚಿಕೊಂಡು ಕೂರಬೇಕು.

ಕೆಜಿಎಫ್, ಬಂಗಾರಪೇಟೆ ಕಡೆಯಿಂದ ಬಂದ ಕಾಗದಗಳ ತಕರಾರೂ ಇದೇ. ಕಡಲೇ ಇಲ್ಲದ ಜಿಲ್ಲೆಯವರನ್ನು ಕಡಲೂರುಗಳ ಹೆಸರು ಕೇಳುವುದೇಕೆ ಎಂದು ಕೆಲವರು ಮುನಿದಿದ್ದಾರೆ. ಅದನ್ನು ಮಾತ್ರ ಒಪ್ಪಲಾರೆ. ಕನ್ನಡಕ್ಕೆ ಸಾವಿರಾರು ಪದಬಂಧ ಕಟ್ಟಿಕೊಟ್ಟ ಅ.ನಾ. ಪ್ರಹ್ಲಾದರಾವ್ ಹುಟ್ಟಿದ್ದು ಇದೇ ಕೋಲಾರ ಜಿಲ್ಲೆಯ ಅಬ್ಬಣಿಯಲ್ಲಿ. ಇನ್ನು ಸಮುದ್ರದ ಮಾತು: 2001ರಲ್ಲಿ ಗಣಿ ಮುಚ್ಚುವ ಹೊತ್ತಿಗೆ ಚಾಂಪಿಯನ್ ರೀಫ್ ಮೂರು ಕಿಲೋಮೀಟರಿಗೂ ಹೆಚ್ಚು ಆಳಕ್ಕೆ ಇಳಿದಿತ್ತು. ಊರಿರುವ ಎತ್ತರ ಸುಮಾರು 900 ಮೀಟರ್. ಕಳೆದು ನೋಡಿ, ಇಲ್ಲಿಯ ಗಣಿ ಸಮುದ್ರಮಟ್ಟಕ್ಕಿಂತ ಎರಡು ಕಿಲೋಮೀಟರ್ ಕೆಳಗೆ! ಮಲ್ಪೆಯ ಯಾವ ಬಲೆಯೂ ಅಷ್ಟು ಆಳ ಕಂಡಿಲ್ಲ.

ದೋಷವಿರುವುದು ಸುಳಿವಿನ ಸೋಮಾರಿತನದಲ್ಲಿ. ತದಡಿಗೆ ಅಘನಾಶಿನಿಯಿದೆ, ಹೊನ್ನಾವರಕ್ಕೆ ಶರಾವತಿ, ಉಳ್ಳಾಲಕ್ಕೆ ರಾಣಿ ಅಬ್ಬಕ್ಕ. ಇಷ್ಟೆಲ್ಲ ಇದ್ದೂ ಬರೀ ‘ಬಂದರು’ ಎಂದು ಕೈತೊಳೆದುಕೊಂಡರೆ ಬಿಡಿಸುವವರಿಗೇನು ಖುಷಿ? ‘ಜಪ್ತಿಯಾದ ಅದಿರು 2010ರಲ್ಲಿ ಮಾಯವಾದ ತಾಣ (4)’ ಎನ್ನಿ. ಅದಿರಿನ ಸುದ್ದಿಯೆಂದರೆ ಕಿವಿ ನೆಟ್ಟಗಾಗುವ ಗಣಿಯೂರಿನವರು ಅಡ್ಡಪದ ಕಾಯದೆ ಬೇಲೆಕೇರಿ ಎಂದು ತುಂಬಿಬಿಡುತ್ತಾರೆ.

ನನ್ನದೂ ಒಂದು ತಕರಾರಿದೆ. ಕನ್ನಡ ಪದಬಂಧದ ಕರಾವಳಿ ಎಂದೂ ಪಡುವಣದ್ದೇ. ಬಂಗಾರಪೇಟೆಯಲ್ಲಿ ರೈಲು ಹತ್ತಿದವರಿಗೆ ಹತ್ತಿರದ ಕಡಲು ಚೆನ್ನೈಯದು. ಬೇತಮಂಗಲದ ಕೆರೆಗೆ ನೀರು ತರುವ ಪಾಲಾರ್ ನದಿ ಸೇರುವುದೂ ಬಂಗಾಳ ಕೊಲ್ಲಿಯನ್ನೇ. ಕಾಶಿಮೇಡು, ಕಡಲೂರು, ನಾಗಪಟ್ಟಣಗಳಿಗೆ ನಮ್ಮ ಚೌಕಗಳಲ್ಲಿ ಜಾಗವಿಲ್ಲವೆ?

ಆ ಮೂಡಣ ಕರಾವಳಿಯ ಹೆಸರೇ ಕೆಜಿಎಫ್‌ನೊಳಗಿದೆ. ಬಂಗಾರಪೇಟೆಯಿಂದ ಮಾರಿಕುಪ್ಪಂಗೆ ಹೋಗುವ ರೈಲು ಕೋರಮಂಡಲ್ ಎಂಬ ನಿಲ್ದಾಣದಲ್ಲಿ ನಿಲ್ಲುತ್ತದೆ. ದೋಣಿಯಿಲ್ಲ, ಬಲೆಯಿಲ್ಲ, ಈ ಊರಲ್ಲಿ ಕಣ್ಣಿಗೆ ಬೀಳುವ ಮರಳೆಂದರೆ ಸೈನೈಡ್ ದಿಬ್ಬದ್ದು. ಮುಂದಿನ ಸಂಚಿಕೆಯ ಪದಬಂಧದಲ್ಲಿ ಈ ನಿಲ್ದಾಣಕ್ಕೆ ಐದು ಮನೆ ಕಾದಿರಿಸಿದ್ದೇವೆ. ಸುಳಿವನ್ನು ಓದುಗರೇ ಬರೆದು ಕಳುಹಿಸಬೇಕು. ಮೆಚ್ಚಿಗೆಯಾದದ್ದನ್ನು ಬರೆದವರ ಹೆಸರಿನೊಂದಿಗೆ ಅಚ್ಚು ಹಾಕುತ್ತೇವೆ.