ಹೊಗೆಗೂ ಒಂದು ಕಾವಲು

ಕಳ್ಳರ ಭಯದಿಂದ ಕಿಟಕಿಗಳಿಗೆ ಕಬ್ಬಿಣದ ಸರಳು, ಬಾಗಿಲಿಗೆ ಎರಡು ಬೀಗ ಹಾಕಿಸುವ ಮುಂಬಯಿಯ ಗೃಹಸ್ಥರು ಹೊಗೆಯ ವಿಷಯದಲ್ಲಿ ಉದಾಸೀನರಾಗಿರುವುದು ವಿಷಾದನೀಯ. ಬೆಂಕಿ ಮುಟ್ಟುವ ಮೊದಲೇ ಹೊಗೆ ಪ್ರಾಣಕ್ಕೆ ಎರವಾಗಬಲ್ಲುದು. ಅದರ ವಾಸನೆ ನಿದ್ರಿಸುವವರನ್ನು ಎಬ್ಬಿಸೀತೆಂದು ನಂಬುವಂತಿಲ್ಲ. ಆದುದರಿಂದ ಹೊಗೆ ಸೂಚಕ ಗಂಟೆ ಆಡಂಬರವಲ್ಲ, ಅವಶ್ಯಕತೆ.

ಹಾಸಿಗೆ, ತಂತಿಗಳು ಜ್ವಾಲೆಯಿಲ್ಲದೆ ಹೊಗೆಯಾಡುವಾಗ, ಬೆಳಕಿನ ಕಿರಣದಿಂದ ಹೊಗೆಯನ್ನು ಗುರುತಿಸುವ ಫೋಟೋಎಲೆಕ್ಟ್ರಿಕ್ ಬಗೆಯೇ ಬೇಗ ಎಚ್ಚರಿಸುತ್ತದೆ. ಅಡುಗೆಮನೆಯಲ್ಲಿಟ್ಟರೆ ಅದು ಒಗ್ಗರಣೆಗೆಲ್ಲ ಕೂಗೀತು. ಬೇಸತ್ತವರು ಬ್ಯಾಟರಿಯನ್ನೇ ಕಿತ್ತಾರು. ಒಲೆಯಿಂದ 10 ಅಡಿಯಾದರೂ ದೂರ, ಮಲಗುವ ಕೋಣೆಗಳ ಒಳಗೂ ಹೊರಗೂ, ಫ್ಯಾನಿನ ಗಾಳಿ ತಾಗದಂತೆ ಚಾವಣಿಯಲ್ಲಿರಲಿ. ತಿಂಗಳಿಗೊಮ್ಮೆ ಗುಂಡಿಯೊತ್ತಿ ಪರೀಕ್ಷಿಸಿ, 10 ವರ್ಷಕ್ಕೊಮ್ಮೆ ಬದಲಿಸುವುದು ಅಗತ್ಯ.

ಸರಳುಗಳ ಹಿಂದೆ ನಿದ್ರಿಸುವ ಕುಟುಂಬಕ್ಕೆ ಪಾರಾಗಲು ಇರುವ ದಾರಿ ಒಂದೇ. ಅದನ್ನು ತಲುಪಲು ಸಮಯವಾದರೂ ದೊರೆಯಲಿ.