ಸತೀಸರಸ್ಸಿನ ನೆಲ

ಹಬ್ಬದ ಪಾಯಸಕ್ಕೆ ನಾವು ಹಾಕುವ ಕಾಶ್ಮೀರದ ಕೇಸರಿಯು ಬೆಳೆದ ಮಣ್ಣು ಒಂದಾನೊಂದು ಕಾಲದಲ್ಲಿ ಸರೋವರದ ತಳವಾಗಿತ್ತೆಂದರೆ ವಾಚಕರಿಗೆ ಅಚ್ಚರಿಯಾದೀತು. ಕಾಶ್ಮೀರದ ಕಣಿವೆಯು ಮೊದಲು ಸತೀಸರಸ್ಸೆಂಬ ಮಹಾಸರೋವರವಾಗಿತ್ತೆಂದೂ, ಅದರಲ್ಲಿ ಅಡಗಿದ್ದ ಜಲೋದ್ಭವನೆಂಬ ದೈತ್ಯನ ಸಂಹಾರಕ್ಕಾಗಿ ಅನಂತನು ನೇಗಿಲಿನಿಂದ ಪರ್ವತವನ್ನು ಸೀಳಿ ನೀರನ್ನು ಹೊರಗೆ ಹರಿಸಿದನೆಂದೂ ನೀಲಮತಪುರಾಣವು ಹೇಳುತ್ತದೆ. ಭೂಗರ್ಭಶಾಸ್ತ್ರವು ದೈತ್ಯನನ್ನು ಅರಿಯದು; ಸರೋವರವನ್ನು ಮಾತ್ರ ಒಪ್ಪುತ್ತದೆ.

ಭರತಖಂಡವನ್ನು ಹೊತ್ತಿರುವ ಭೂಫಲಕವು ಸುಮಾರು 5 ಕೋಟಿ ವರ್ಷಗಳ ಹಿಂದೆ ಏಷ್ಯಾಖಂಡಕ್ಕೆ ತಾಗಿ, ಇಂದಿಗೂ ಅದನ್ನು ಉತ್ತರಕ್ಕೆ ಒತ್ತುತ್ತಲೇ ಇದೆ. ಈ ಒತ್ತಡದಿಂದ ಕಣಿವೆಯ ಈಶಾನ್ಯಕ್ಕೆ ಮಹಾಹಿಮಾಲಯವು ಎದ್ದಿತು. ಅನಂತರ ಶಿಲಾಸ್ತರಗಳು ಬಿರಿದು ಒಂದರ ಮೇಲೊಂದು ಏರಿ ನೈರುತ್ಯದಲ್ಲಿ ಪೀರ್ ಪಂಜಾಲ ಶ್ರೇಣಿಯು ತಲೆಯೆತ್ತಿತು. ಅದರಲ್ಲಿ ಸುಮಾರು 29 ಕೋಟಿ ವರ್ಷಗಳ ಹಿಂದಿನ ಅಗ್ನಿಪರ್ವತದ ಶಿಲೆಗಳುಂಟು. ಶಿಲೆ ಮುದಿಯದು, ಪರ್ವತ ಎಳೆಯದು!

ಈ ಎಳೆಯ ಪರ್ವತವೇ ನಡುವಣ ತಗ್ಗಿನ ಹೊಳೆಗಳಿಗೆ ಕಟ್ಟೆಯಾಯಿತು. ಸುಮಾರು 40 ಲಕ್ಷ ವರ್ಷಗಳ ಹಿಂದೆ ಅಲ್ಲಿ ನೀರು ನಿಲ್ಲತೊಡಗಿ, ಮಣ್ಣು ಮರಳುಗಳು ಪದರ ಪದರವಾಗಿ ಸಾವಿರಾರು ಅಡಿ ತುಂಬಿದವು. ಅವುಗಳ ಮೇಲೆ ಗಾಳಿ ತಂದ ನವಿರಾದ ಧೂಳು ಹರಡಿತು. ಇಂಥ ದಿಣ್ಣೆಗಳಿಗೆ ಕರೇವಾ ಎಂದು ಹೆಸರು. ಪಾಂಪುರದ ಕೇಸರಿಯು ಬೆಳೆಯುವುದು ಇವುಗಳ ಮೇಲೆಯೇ. ಪೀರ್ ಪಂಜಾಲವು ಮತ್ತೂ ಏಳುತ್ತ ಬಂದುದರಿಂದ, ಸಮವಾಗಿ ಮಲಗಿದ್ದ ಸರೋವರದ ಕೆಸರು ಅದರ ಮಗ್ಗುಲಲ್ಲಿ ಓರೆಯಾಗಿ ಎತ್ತರಕ್ಕೆ ಏರಿದೆ. ಕೊನೆಗೆ ನೀರು ಬಾರಾಮುಲ್ಲಾದ ಬಳಿ ಕಟ್ಟೆಯನ್ನು ಕೊರೆದುಕೊಂಡು ಹೊರಬಿದ್ದಿತು. ಅನಂತನ ನೇಗಿಲೆಂದರೆ ಇದೇ ಎನ್ನಬಹುದು. ಪುರಾಣಕಾರರು ಸರೋವರವನ್ನು ಕಂಡವರೆಂದಲ್ಲ. ನೆಲದ ರೂಪವನ್ನು ನೋಡಿ ಅದರ ಪೂರ್ವಸ್ಥಿತಿಯನ್ನು ಊಹಿಸಿದ ಸೂಕ್ಷ್ಮದೃಷ್ಟಿಯುಳ್ಳವರಾಗಿರಬೇಕು.

ಸರೋವರ ಬರಿದಾಯಿತು, ಆದರೆ ಬೋಗುಣಿ ಉಳಿಯಿತು. ಕಣಿವೆಯ ನೀರೆಲ್ಲವೂ ವಿತಸ್ತಾನದಿಯ ಆ ಒಂದೇ ಬಾಯಿಯಿಂದ ಹೊರಗೆ ಹೋಗತಕ್ಕದ್ದು. 9ನೆಯ ಶತಮಾನದಲ್ಲಿ ಬಂಡೆಗಳು ಬಿದ್ದು ನದಿಯು ಕಟ್ಟಿಕೊಂಡು, ಪ್ರವಾಹವೂ ಕ್ಷಾಮವೂ ಒದಗಿದಾಗ, ಅವಂತಿವರ್ಮನ ಕಾಲದ ಸುಯ್ಯನೆಂಬ ಜಾಣನು ನೀರಿಗೆ ನಾಣ್ಯಗಳನ್ನು ಸುರಿದನಂತೆ. ಹಸಿದ ಜನರು ಅವುಗಳನ್ನು ಅರಸುತ್ತ ಕಲ್ಲುಗಳನ್ನು ಎತ್ತಿಹಾಕಿದರು, ನದಿಗೆ ದಾರಿಯಾಯಿತು. ಈ ಕಥೆಯನ್ನು ಕಲ್ಹಣನು ರಾಜತರಂಗಿಣಿಯಲ್ಲಿ ಹೇಳಿದ್ದಾನೆ. ಸೋಪೋರ್ ಎಂಬ ಊರು ಇಂದಿಗೂ ಸುಯ್ಯನ ಹೆಸರನ್ನು ಹೊತ್ತಿದೆ.

2014ರ ಸೆಪ್ಟೆಂಬರಿನಲ್ಲಿ ಅತಿವೃಷ್ಟಿಯಾಗಿ ಶ್ರೀನಗರದ ಅನೇಕ ಬೀದಿಗಳು ದಿನಗಟ್ಟಲೆ ನೀರಿನಲ್ಲಿ ನಿಂತವು. ನದಿಯು ತುಂಬಿದಾಗ ಹರಡಿಕೊಳ್ಳುತ್ತಿದ್ದ ಜೌಗುನೆಲಗಳಲ್ಲಿ ಮನೆಗಳೆದ್ದಿದ್ದವು. ಬೋಗುಣಿಯಲ್ಲಿ ವಾಸಿಸುವವರು ಅದರ ಬಾಯಿಯನ್ನು ಕಾಯಬೇಕು, ನೀರಿನ ಎಡೆಯನ್ನು ನೀರಿಗೆ ಬಿಡಬೇಕು. ಪರ್ವತವು ಇನ್ನೂ ಏಳುತ್ತಿರುವುದರಿಂದ ಸುಯ್ಯನ ಕೆಲಸವು ಒಮ್ಮೆ ಮಾಡಿ ಮುಗಿಸುವಂಥದಲ್ಲ. ಅದು ತಲೆತಲಾಂತರದ ಮನೆಗೆಲಸ.